ಮೊಮ್ಮಗಳ ತೊಟ್ಟಿಯ ಸಾಕೆ

ಕಾಮಿಸಾವ, ಇವಾತೆ
ರೇವಾ ಶಕೆಯ ಏಳನೆಯ ವರ್ಷ, ಮಾರ್ಚ್ ಹತ್ತು, ಸೋಮವಾರ

ಮುದ್ದಿನ ಸುಜುನೊಗೆ,

ನಿನ್ನ ಅಜ್ಜಿ ಮಾಡುವ ಆಶೀರ್ವಾದ. ಹೇಗಿದ್ದೀಯೆ? ಕೈ ಒಡೆದದ್ದು ವಾಸಿಯಾಯಿತೆ? ಅಕ್ಕಿ ತೊಳೆಯುವ ನೀರು ಚಳಿಗಾಲದಲ್ಲಿ ಮೂಳೆ ಕಚ್ಚುತ್ತದೆ ಎಂದು ನಿನ್ನ ತಾತನೂ ಹೇಳುತ್ತಿದ್ದರು. ಅವರ ಬೆರಳ ಸಂದಿಗೆ ನಾನು ಕುದುರೆಯ ಕೊಬ್ಬು ತಿಕ್ಕುತ್ತಿದ್ದೆ. ನಿನಗೂ ಒಂದು ಡಬ್ಬಿ ಪಾರ್ಸೆಲ್ ಮಾಡಿಸಿದ್ದೇನೆ. ಮಲಗುವ ಮುಂಚೆ ಹಚ್ಚಿಕೋ, ಕೆಲಸಕ್ಕೆ ಹೋಗುವಾಗ ಬೇಡ, ವಾಸನೆ ಸಾಕೆಯ ತೊಟ್ಟಿಗೆ ತಾಗೀತು, ಅಕ್ಕಿಯ ಹೆಂಡ ಬೇಗ ವಾಸನೆ ಹಿಡಿಯುತ್ತದೆ. ನನ್ನ ವಿಚಾರ ಕೇಳಿದರೆ, ಮೊಣಕಾಲು ಹಾಗೇ ಇದೆ, ನಾಲಿಗೆ ಇನ್ನೂ ಗಟ್ಟಿ ಇದೆ. ಕಷ್ಟದ ಅಕ್ಷರಗಳನ್ನು ಬಿಟ್ಟು ಸುಲಭದ್ದರಲ್ಲೇ ಬರೆಯುತ್ತಿದ್ದೇನೆ, ನಗಬೇಡ. ತಮ್ಮನನ್ನು ಬೆನ್ನಿಗೆ ಕಟ್ಟಿಕೊಂಡು ಶಾಲೆಗೆ ಹೋಗಿ, ಅವನು ಅತ್ತಾಗಲೆಲ್ಲ ಹೊರಗೆ ನಿಂತು ಕಲಿತ ವಿದ್ಯೆ ಇದು.

ಹೆಣ್ಣುಮಕ್ಕಳ ಹಬ್ಬಕ್ಕೆ ಇಟ್ಟ ನಿನ್ನ ಬೊಂಬೆಗಳನ್ನು ಇನ್ನೂ ತೆಗೆದಿಲ್ಲ. ಹಬ್ಬ ಮುಗಿದ ಮೇಲೂ ಬೊಂಬೆ ಕೂತಿದ್ದರೆ ಮನೆಯ ಹುಡುಗಿಗೆ ಮದುವೆ ತಡವಾಗುತ್ತದೆ ಎಂದು ಪಕ್ಕದ ಮನೆಯವಳು ಬೇಲಿಯಾಚೆಯಿಂದಲೇ ನೆನಪಿಸಿದಳು. ಅವಳ ಮೂರು ಮಕ್ಕಳಿಗೂ ಬೇಗ ಮದುವೆಯಾಗಿ ಏನು ಕಡಿದು ಕಟ್ಟೆ ಹಾಕಿದರೋ ಕಾಣೆ. ನಾನು ತೆಗೆಯದೆ ಇರುವುದಕ್ಕೆ ಕಾರಣ ಅದಲ್ಲ. ಆ ಕೋಣೆಯಲ್ಲಿ ಯಾರೋ ಕೂತಿದ್ದಾರೆ ಅನ್ನಿಸುತ್ತದೆ, ಅಷ್ಟೇ. ನಿನ್ನಪ್ಪ ಲಾರಿ ಹತ್ತಿದರೆ ಶನಿವಾರವೇ ಇಳಿಯುವುದು. ನಿನ್ನಮ್ಮ ಫುಮಿಯೆ ಆಸ್ಪತ್ರೆಯ ಅಡುಗೆಮನೆಯಲ್ಲಿ ದುಡಿದು ಬಂದು, ಉಂಡು, ಟಿವಿಯ ಮುಂದೆ ಕೂತಲ್ಲೇ ತೂಕಡಿಸುತ್ತಾಳೆ. ಒಳ್ಳೆಯವಳೇ, ಆದರೆ ಮಾತಿಗೆ ತೆರಿಗೆ ಹಾಕಿದ್ದಾರೆಂದು ತಿಳಿದಿದ್ದಾಳೆ. ಹವಾಮಾನ ಹೇಳುವವನು ನಾಳೆಯೂ ಹಿಮ ಎಂದರೆ 'ಗೊತ್ತು ಕಣಪ್ಪ' ಎಂದು ನಾನೇ ಉತ್ತರ ಕೊಡುತ್ತೇನೆ. ಈ ಮನೆಯಲ್ಲಿ ನನ್ನ ಬಾಯಿಗೆ ಬಾಯಿ ಕೊಡುತ್ತಿದ್ದವಳು ನೀನೊಬ್ಬಳೇ.

ನಿನ್ನ ಪತ್ರ ಬಂದು ಎರಡು ವಾರವಾಯಿತು. ಬುದ್ಧನ ಗೂಡಿನಲ್ಲಿ ತಾತನ ಫೋಟೋದ ಮುಂದೆ ಇಟ್ಟಿದ್ದೆ, ಬೇಕಾದರೆ ಅವರೇ ಉತ್ತರ ಕೊಡಲಿ ಎಂದು. ಬದುಕಿದ್ದಾಗಲೇ ಒಂದು ಸಾಲು ಬರೆಯದ ಮನುಷ್ಯ, ಈಗ ಬರೆದಾರೆಯೇ! ನಿಮ್ಮ ಸಾಕೆಮನೆಯ ಯಜಮಾನರು ನಿನ್ನನ್ನು ಇನ್ನು ಮೇಲೆ ಬರೀ ಚಳಿಗಾಲಕ್ಕಲ್ಲ, ವರ್ಷಪೂರ್ತಿಯ ಕೆಲಸಕ್ಕೇ ಇಟ್ಟುಕೊಳ್ಳುತ್ತಾರಂತೆ, ಈ ತಿಂಗಳೊಳಗೆ ಸಹಿ ಹಾಕಬೇಕಂತೆ. ಅದಕ್ಕೆ ನೀನು ಬರೆದದ್ದು ನೋಡು: 'ಅಜ್ಜಿ, ಈ ಸಲ ಒಂದು ತೊಟ್ಟಿ ಪೂರ್ತಿ ನನ್ನ ಕೈಗೇ ಬಿಟ್ಟಿದ್ರು. ಆ ಸಾಕೆ ಮೊರಿಯೊಕದ ಅಂಗಡಿಗೆ ಬಂದಿದೆ. ಹೋಗಿ ಕುಡಿದು ನೋಡು. ಚೆನ್ನಾಗಿಲ್ಲ ಅಂತ ನೀನಂದ್ರೆ ಏಪ್ರಿಲ್‌ಗೆ ಗಂಟು ಕಟ್ಕೊಂಡು ಬಂದುಬಿಡ್ತೀನಿ.' ಎಂಥ ಜಾಣೆ! ನೀನು ಹೊರಟ ದಿನ 'ಹೆಣ್ಣು ಮಾಡಿದ ಸಾಕೇನ ಯಾರು ಕುಡೀತಾರೆ' ಎಂದಿದ್ದೆನಲ್ಲ, ಅದನ್ನು ಗಂಟು ಹಾಕಿ ಇಟ್ಟುಕೊಂಡಿದ್ದೀಯೆ. ಈಗ ಬರುವುದು ಬಿಡುವುದನ್ನೆಲ್ಲ ನನ್ನ ನಾಲಿಗೆಯ ಮೇಲೆ ಹೊರಿಸಿದ್ದೀಯೆ.

ಈ ಊರಿನಲ್ಲಿ ಭತ್ತ ಕೊಯ್ದ ಮೇಲೆ ಗಂಡಸರು ಸಾಕೆಮನೆಗೆ ಕೆಲಸಕ್ಕೆ ಹೋಗುವುದು ಹೊಸದಲ್ಲ. ನಿನ್ನ ತಾತ ಹೊರಟಾಗ ನಾನು ಗದ್ದೆಯ ಬದುವಿನ ತನಕ ಜೊತೆಗೆ ಹೋಗುತ್ತಿದ್ದೆ. ಆಮೇಲೆ ಅರ್ಧ ವರ್ಷ ಹಿಮದ ಜೊತೆ ಸಂಸಾರ. ಮಾಡು ಮುರಿಯದ ಹಾಗೆ ಹಿಮ ಕೆಳಗೆ ತಳ್ಳುವುದು, ದಾರಿ ಬಿಡಿಸುವುದು, ಯಾರೂ ಬಾರದ ದಾರಿಯನ್ನು ಮರುದಿನ ಮತ್ತೆ ಬಿಡಿಸುವುದು. ಆದರೆ ಒಂದಿತ್ತು. ಹಿಮ ಕರಗಿದರೆ ಅವರು ಬರುತ್ತಿದ್ದರು. ಬಂದ ದಿನ ಎರಡು ಬಟ್ಟಲು ನಾತ್ತೊ ತಿನ್ನುತ್ತಿದ್ದರು, ಸಾಕೆಮನೆಯಲ್ಲಿ ಅದನ್ನು ಮುಟ್ಟುವ ಹಾಗಿಲ್ಲವಲ್ಲ, ಆ ಹುದುಗಿಸಿದ ಸೋಯಾ ಅವರೆಯ ಜೀವಾಣು ತೊಟ್ಟಿಗೆ ಬಿದ್ದರೆ ಸಾಕೆ ಕೆಟ್ಟಿತು. ವರ್ಷಪೂರ್ತಿಯ ಕೆಲಸವೆಂದರೆ ಹಿಮ ಕರಗುವುದೇ ಇಲ್ಲವಲ್ಲ ಮಗೀ. ಮುಚ್ಚುಮರೆ ಏಕೆ, ಚೆನ್ನಾಗಿಲ್ಲ ಎಂದು ಬರೆಯುವ ಆಸೆಯನ್ನು ಮಡಿಲಲ್ಲಿ ಕಟ್ಟಿಕೊಂಡೇ ಗುರುವಾರ ನಿನ್ನಮ್ಮನ ಕಾರು ಹತ್ತಿದೆ. ನಾವು ಯಾರೆಂದು ಅಂಗಡಿಯಲ್ಲಿ ಬಾಯಿ ಬಿಡಬೇಡ ಎಂದು ಅವಳಿಗೆ ದಾರಿಯಲ್ಲೇ ಹೇಳಿದೆ. ಅವಳು ಬಾಯಿ ಬಿಡುವವಳೇ!

ಅಂಗಡಿ ಹೊಳೆಯ ಸೇತುವೆ ದಾಟಿದ ಕೂಡಲೇ ಸಿಕ್ಕಿತು. ಹೊಸ ಸಾಕೆ ಬಂದಿದೆ ಎಂದು ಬಾಗಿಲ ಮೇಲೆ ದೇವದಾರು ಸೊಪ್ಪಿನ ಚೆಂಡು ಹಸಿರಾಗಿ ತೂಗುತ್ತಿತ್ತು. ಒಳಗೆ ಗೋಡೆಯುದ್ದಕ್ಕೂ ಗಾಜಿನ ತಣ್ಣನೆಯ ಕಪಾಟುಗಳು, ಅವುಗಳ ತುಂಬ ಶೀಶೆಗಳು. ಹೆರಿಗೆ ಆಸ್ಪತ್ರೆಯಲ್ಲಿ ಎಳೆಗೂಸುಗಳನ್ನು ಸಾಲಾಗಿ ಮಲಗಿಸುವ ಕೋಣೆ ಇರುತ್ತದಲ್ಲ, ಹಾಗೆ. ಮೆಲ್ಲಗೆ ಮಾತಾಡಬೇಕು, ಮುಟ್ಟಬಾರದು. ಅಂಗಡಿಯವನ ಹೆಸರು ಸೆಗಾವ, ತಲೆಗೆ ಜುಟ್ಟು, ಸೊಂಟಕ್ಕೆ ನೀಲಿ ಬಟ್ಟೆ. ನಿಮ್ಮ ಸಾಕೆಮನೆಯ ಹೆಸರು ಹೇಳಿದೆ, ನಿನ್ನ ಶೀಶೆಯನ್ನು ಎರಡು ಕೈಯಲ್ಲೂ ಹಿಡಿದು ತಂದ. ಹಿಂಬದಿಗೆ ಅಂಟಿಸಿದ ಚೀಟಿಯ ಮೂಲೆಯಲ್ಲಿ ನಿನ್ನ ಹೆಸರು, ಇರುವೆಯಷ್ಟು ಸಣ್ಣದು. ಕನ್ನಡಕ ಹಾಕಿಕೊಂಡು ಓದಿದೆ, ತೆಗೆದು ಒರೆಸಿ ಮತ್ತೆ ಓದಿದೆ. ಸಾಕೆ ಸುರಿದದ್ದು ಕೊಕ್ಕರೆಯ ಹಾಗೆ ಒಂಟಿ ಕಾಲ ಮೇಲೆ ನಿಂತ ಗಾಜಿನ ಲೋಟದಲ್ಲಿ. 'ಮೊದ್ಲು ಮೂಸಿ ನೋಡಿ ಅಜ್ಜಿ. ಮರಸೇಬು ಬರುತ್ತೆ, ಆಮೇಲೆ ಕರ್ಬೂಜ, ಕೊನೇಲಿ ಬಿಳಿ ಹೂವು' ಎಂದ. 'ಹಣ್ಣು ಬೇಕಿದ್ರೆ ಹಣ್ಣಿನಂಗಡಿಗೆ ಹೋಗ್ತಿದ್ದೆ ಕಣಪ್ಪ. ಇದ್ರಲ್ಲಿ ಅಕ್ಕಿ ಇದೆಯೋ ಇಲ್ವೋ ಅದನ್ನ ಹೇಳು' ಎಂದೆ. 'ಬರೀ ಅಕ್ಕೀನೇ ಅಜ್ಜಿ. ಕಾಳಿನ ಹೊರಗಿಂದ ನೂರಕ್ಕೆ ಅರುವತ್ತು ಪಾಲು ಉಜ್ಜಿ ತೆಗೆದು, ನಡುವಿನ ನಲವತ್ತು ಪಾಲಲ್ಲಿ ಮಾಡಿದ್ದು.' ನಾನು ಲೋಟ ಕೆಳಗಿಟ್ಟೆ. 'ಅರುವತ್ತು ಪಾಲಾ? ಬಟ್ಟಲಲ್ಲಿ ಒಂದಗುಳು ಬಿಟ್ರೆ ಕಣ್ಣು ಹೋಗುತ್ತೆ ಅಂತ ನಮ್ಮಮ್ಮ ಬೆನ್ನಿಗೆ ಗುದ್ದಿ ಬೆಳೆಸಿದ್ಳು. ಇದನ್ನ ಮಾಡಿದೋರಿಗೆ ಎಷ್ಟು ಕಣ್ಣಿವೆಯಂತೆ?' ಅವನು ನಕ್ಕುಬಿಟ್ಟ. 'ಉಜ್ಜಿದ ಪುಡೀನ ಯಾರೂ ಬಿಸಾಡಲ್ಲ ಅಜ್ಜಿ, ಅಕ್ಕಿ ಹಪ್ಪಳಕ್ಕೆ ಹೋಗುತ್ತೆ. ನಿಮ್ಮ ಕಣ್ಣೂ ಉಳೀತು, ಅವರ ಕಣ್ಣೂ ಉಳೀತು, ಈಗ ಕುಡೀರಿ.' ಬಾಯಿ ಇರುವ ಗಂಡಸು. ಮೆಚ್ಚಿದೆ.

ಒಂದು ಗುಟುಕು ಬಾಯಿಗೆ ಬಿಟ್ಟುಕೊಂಡೆ. ಮದುವೆಗಳಲ್ಲಿ, ಸಾವಿನ ಮನೆಗಳಲ್ಲಿ ನಾನೂ ಕುಡಿದವಳೇ, ಆದರೆ ಅದು ಒಲೆಯ ಮೇಲೆ ಕಾಸಿದ ಒರಟು ಸಾಕೆ. ನಿನ್ನ ತಾತ ಮಾಡುತ್ತಿದ್ದ ಒಳ್ಳೆಯದು ದೊಡ್ಡ ಪಟ್ಟಣಗಳ ದೊಡ್ಡವರಿಗೆ ಹೋಗುತ್ತಿತ್ತು, ನಮ್ಮ ಮನೆಗೆ ಬರುತ್ತಿದ್ದುದು ಅದರ ಹಿಂಡಿ, ಸಾರಿಗೆ ಕದಡಲು. ಅದರ ರುಚಿ ನನಗೆ ಗೊತ್ತಿರಲಿಲ್ಲ, ವಾಸನೆ ಮಾತ್ರ ಗೊತ್ತಿತ್ತು. ಏಪ್ರಿಲ್‌ನಲ್ಲಿ ಅವರು ಬಾಗಿಲಲ್ಲಿ ಕೂತು ಬೂಟು ಬಿಚ್ಚುವಾಗ ಮೈಯಿಂದ ಏಳುತ್ತಿತ್ತು. ಬೆಂದ ಅನ್ನ, ಒದ್ದೆ ಮರ, ಇನ್ನೂ ಏನೋ. ಎರಡು ಸಲ ಬಿಸಿನೀರಿಗೆ ಇಳಿಸಿದರೂ ಹೋಗುತ್ತಿರಲಿಲ್ಲ. ಗುರುವಾರ ಅದು ಬಂದು ನನ್ನ ನಾಲಿಗೆಯ ಮೇಲೆ ಕೂತಿತು. ಓಹೋ, ಇವಳೇನಾ ಎಂದುಕೊಂಡೆ. ಚಳಿಗಾಲವೆಲ್ಲ ನನ್ನ ಗಂಡನನ್ನು ಇಟ್ಟುಕೊಂಡಿದ್ದವಳು ಇವಳೇನಾ. ಈ ವಯಸ್ಸಿಗೆ ಸವತಿಯ ಮುಖ ನೋಡಿದೆ. ಗಂಡನನ್ನು ಕರೆದುಕೊಂಡು ಹೋದದ್ದು ಸಾಲದೆ ಮೊಮ್ಮಗಳ ಕೈಯನ್ನೂ ಹಿಡಿದಿದ್ದಾಳೆ. ಅವಳು ಹೇಗಿದ್ದಳು ಎಂದು ಕೇಳುತ್ತೀಯೆ. ತಾಳು. ನಿನ್ನಮ್ಮ ಕಾರು ಓಡಿಸಬೇಕಿತ್ತಲ್ಲ, ಅವಳಿಗೆ ಕುಡಿಯುವ ಹಾಗಿರಲಿಲ್ಲ. ಲೋಟವನ್ನು ಮೂಗಿನ ಹತ್ತಿರ ಹಿಡಿದು ನಿಂತಳು, ಕೆಳಗಿಟ್ಟಳು, ಮತ್ತೆ ಎತ್ತಿಕೊಂಡಳು.

ಅಷ್ಟರಲ್ಲಿ ನಮ್ಮ ಪಕ್ಕದಲ್ಲಿ ನಿಂತಿದ್ದ ಟೈ ಕಟ್ಟಿದವನೊಬ್ಬ, ಹೋಟೆಲಿಗೆ ಸಾಕೆ ಕೊಳ್ಳುವವನಂತೆ, ನಿನ್ನ ಶೀಶೆಯಿಂದಲೇ ಹಾಕಿಸಿಕೊಂಡ. ಬಾಯೊಳಗೆ ಗಳಗಳ ಮಾಡಿದ, ಕಣ್ಣು ಮುಚ್ಚಿದ, ಒಂದು ತಂಬಿಗೆಯೊಳಗೆ ತುಪಕ್ಕನೆ ಉಗಿದ! ನನಗೆ ಎಲ್ಲಿತ್ತೋ ಸಿಟ್ಟು. 'ಏನಯ್ಯಾ, ಬಾಯಿಗೆ ಹಾಕ್ಕೊಂಡಿದ್ದನ್ನ ಉಗೀತೀಯಾ? ನಿಮ್ಮಮ್ಮ ಇದನ್ನೇ ಕಲಿಸಿದ್ಳಾ?' ಅವನು ಹೆದರಿ ಕೈಬಟ್ಟೆ ಬಾಯಿಗೆ ಹಿಡಿದ. ಸೆಗಾವ ಓಡಿ ಬಂದ. 'ಅಜ್ಜಿ, ಅದು ಅವರ ಕಸುಬು. ದಿನಕ್ಕೆ ನಲವತ್ತು ಥರ ರುಚಿ ನೋಡ್ಬೇಕು, ಎಲ್ಲ ನುಂಗಿದ್ರೆ ಮನೆ ದಾರಿ ಸಿಗಲ್ಲ.' 'ಮಿಕ್ಕಿದ್ದನ್ನ ಉಗೀಲಿ, ಯಾರು ಬೇಡ ಅಂದ್ರು? ಇದನ್ನ ನುಂಗ್ಲಿ. ಇದನ್ನ ಮಾಡಿದ ಹುಡುಗಿ ಕೈಯೆಲ್ಲ ಬಿರುಕು ಬಿಟ್ಕೊಂಡಿದ್ದಾಳೆ, ನಾತ್ತೊ ಮುಟ್ಟದೆ ಚಳಿಗಾಲ ಕಳೆದಿದ್ದಾಳೆ, ಹೊಸ ವರ್ಷಕ್ಕೆ ಮನೆಗೆ ಬರ್ಲಿಲ್ಲ ಗೊತ್ತಾ?' 'ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು ಅಜ್ಜಿ?' ಎಂದ ಸೆಗಾವ. ನಾನು ನಾಲಿಗೆ ಕಚ್ಚಿಕೊಂಡೆ. ಆಗ ನಿನ್ನಮ್ಮ, ಸುಜು, ನಿನ್ನಮ್ಮ, ನೆಲ ನೋಡಿಕೊಂಡೇ ಎರಡು ಮಾತು ಆಡಿದಳು: 'ನನ್ನ ಮಗಳು.' ಟೈ ಕಟ್ಟಿದವನು ನಡು ಬಗ್ಗಿಸಿ ನಮಸ್ಕರಿಸಿ, ಇನ್ನೊಂದು ಹಾಕಿಸಿಕೊಂಡು, ನನ್ನ ಕಣ್ಣೆದುರೇ ನುಂಗಿದ. 'ಸರಿನಾ ಅಜ್ಜಿ?' ಎಂದ. 'ಗಂಟಲಿಗೇನೂ ಆಗ್ಲಿಲ್ವಲ್ಲ' ಎಂದೆ. ನಾನು ಚೆನ್ನಾಗಿಲ್ಲ ಅನ್ನಲು ಹೋದವಳು, ನೋಡು.

ಆಮೇಲೆ ಸೆಗಾವನಿಗೆ ಇನ್ನೊಂದು ಬಟ್ಟಲು ಕೇಳಿದೆ, ಬಿಸಿ ಮಾಡಿ ಕೊಡು ಎಂದೆ. ಎಳೆಗೂಸಿಗೆ ಮೆಣಸಿನಕಾಯಿ ತಿನ್ನಿಸು ಎಂದ ಹಾಗೆ ಮುಖ ಮಾಡಿದ. 'ಬೇಡ ಅಜ್ಜಿ, ಇದು ತಣ್ಣಗೇ ಕುಡಿಯೋದು. ಕಾಸಿದ್ರೆ ಪರಿಮಳವೆಲ್ಲ ಹಾರಿಹೋಗುತ್ತೆ.' 'ಹಾರ್ಲಿ ಬಿಡು. ಎಲ್ಲಿಗೆ ಹೋಗ್ಬೇಕೋ ಅಲ್ಲಿಗೆ ಹೋಗುತ್ತೆ' ಎಂದೆ. ಗೊಣಗಿಕೊಂಡೇ ಬಿಸಿನೀರಿನಲ್ಲಿ ಇಳಿಬಿಟ್ಟು ಕಾಸಿ ತಂದ. ಅದನ್ನು ಕಟ್ಟೆಯ ಮೇಲೆ ನನ್ನ ಎಡಗಡೆಯ ಖಾಲಿ ಜಾಗದಲ್ಲಿಟ್ಟು, ಒಂದು ಸಣ್ಣ ತಟ್ಟೆ ಮುಚ್ಚಿದೆ. ತಾತ ದೂರದಲ್ಲಿದ್ದಾಗ ದಿನವೂ ಅವರ ಜಾಗದಲ್ಲಿ ಎಡೆ ಇಟ್ಟು, ಬಟ್ಟಲಿನ ಮುಚ್ಚಳ ತಿರುಗಿಸಿ ನೋಡುತ್ತಿದ್ದೆನಲ್ಲ, ಒಳಗೆ ಹನಿ ಕೂತಿದ್ದರೆ ಹೋದವರು ಕ್ಷೇಮ ಎಂದು. ನಿನಗೂ ಮೂರು ಚಳಿಗಾಲದಿಂದ ಇಡುತ್ತಿದ್ದೇನೆ, ಹೇಳಿರಲಿಲ್ಲ. ತಣ್ಣನೆಯ ಸಾಕೆಗೆ ಹನಿ ಹೇಗೆ ಕೂತೀತು? 'ಯಾರಾದ್ರೂ ಬರ್ತಾರಾ ಅಜ್ಜಿ?' ಎಂದು ಸೆಗಾವ ಕೇಳಿದ. 'ಇಲ್ಲಪ್ಪ' ಎಂದೆ. ಅವನು ತಟ್ಟೆ ನೋಡಿದ, ಖಾಲಿ ಜಾಗ ನೋಡಿದ, ಅತ್ತ ತಲೆ ಬಗ್ಗಿಸಿದ. ಅವನ ಮನೆಯಲ್ಲೂ ಒಬ್ಬ ಅಜ್ಜಿ ಇದ್ದಿರಬೇಕು. ಸ್ವಲ್ಪ ಹೊತ್ತಿಗೆ ತಟ್ಟೆ ಎತ್ತಿದೆ. ಒಳಗೆಲ್ಲ ಹನಿ. ಒಂದಕ್ಕೊಂದು ಕೂಡಿ ನನ್ನ ಬೆರಳ ಮೇಲೆ ಇಳಿದವು. ಎಡೆ ಇಟ್ಟದ್ದನ್ನು ಮನೆಯವರೇ ಉಣ್ಣಬೇಕಲ್ಲ, ಕುಡಿದೆ. ಬಿಸಿಯಲ್ಲಿ ಹಣ್ಣೂ ಹೂವೂ ಎಲ್ಲ ಹೋಗಿ ಅಕ್ಕಿಯೊಂದೇ ಉಳಿದಿತ್ತು. ಎದೆಯವರೆಗೂ ಬೆಚ್ಚಗೆ ಇಳಿಯಿತು, ಅಲ್ಲಿಂದ ಮುಂದೆ ಹೋಗಲಿಲ್ಲ, ಅಲ್ಲೇ ನಿಂತಿತು.

ಒಂದು ಸಣ್ಣ ಶೀಶೆ ಮನೆಗೆ ತಂದೆವು. ಅಂದು ಸಂಜೆ ನಿನ್ನಮ್ಮ ಟಿವಿ ಹಾಕಲಿಲ್ಲ. ಕಾಲು ಮಡಿಸಿ ಕೂತು, ನೆಟ್ಟಗೆ ಬೆನ್ನು ಮಾಡಿ, ಒಂದು ಬಟ್ಟಲನ್ನು ಬಹಳ ಹೊತ್ತು ಕುಡಿದಳು. ಮುಗಿಸಿ 'ಅತ್ತೆ, ಏನಂತ ಬರೀತೀರಿ?' ಎಂದು ಕೇಳಿದಳು. ನಾನು ಮೂಲಂಗಿ ಉಪ್ಪಿನಕಾಯಿಗೆ ಉಪ್ಪು ಹೆಚ್ಚಾಯಿತು ಎಂದೆ. ಹೌದು ಎಂದಳು. ಇಬ್ಬರೂ ಮಾಡಿನಿಂದ ಹಿಮ ಜಾರುವುದನ್ನು ಕೇಳಿಸಿಕೊಂಡು ಕೂತೆವು. ಈ ವರ್ಷ ಬೇಗ ಕರಗುತ್ತಿದೆ.

ಹೊತ್ತಿಗೆ ಸರಿಯಾಗಿ ಉಣ್ಣು. ಒದ್ದೆ ಕಾಲುಚೀಲದಲ್ಲಿ ಮಲಗಬೇಡ. ನಿಮ್ಮ ಯಜಮಾನರಿಗೂ ಅವರ ಮನೆಯವರಿಗೂ ನನ್ನ ನಮಸ್ಕಾರ ತಿಳಿಸು. ಹಿರಿಯ ಕೆಲಸಗಾರರು ಗದರಿದರೆ ತಲೆ ಬಗ್ಗಿಸು, ಅವರ ಮಾತು ತಪ್ಪಿದ್ದರೆ ಆಮೇಲೆ ಎತ್ತು. ತಾತ ನಿನ್ನ ಬೆನ್ನ ಹಿಂದೆ ನಿಂತು ಕಾಯಲಿ, ನಿನ್ನ ಕೈಗೆ ಬಿಸಿ ಉಳಿಯಲಿ.

ನಿನ್ನ ಅಜ್ಜಿ
ತೊಮೆ

ತಾ.ಕ.: ಅಂಚೆಯವನು ಕೆಂಪು ಬೈಕು ಆರಿಸದೆ ಬಾಗಿಲಲ್ಲಿ ನಿಂತು 'ಬೇಗ ಕೊಡಿ ಅಜ್ಜಿ' ಎಂದು ಕೂಗುತ್ತಿದ್ದಾನೆ. ನೀನು ಕೇಳಿದ್ದಕ್ಕೆ ಉತ್ತರವನ್ನೇ ಬರೆಯಲಿಲ್ಲ. ಚೆನ್ನಾಗಿದೆ. ಬಹಳ ಚೆನ್ನಾಗಿದೆ. ಸಹಿ ಹಾಕು. ನೀನು ಬಂದರೆ ಇರಲಿ ಎಂದು ಯಾರಿಗೂ ಕೊಡದೆ ಇಟ್ಟುಕೊಂಡಿದ್ದ ಹೊಳೆಬದಿಯ ಗದ್ದೆಯನ್ನು ಇವತ್ತು ಬೆಳಗ್ಗೆ ಸಾಕುಮಾ ಮನೆಯವರಿಗೆ ಸಾಗುವಳಿಗೆ ಕೊಟ್ಟುಬಿಟ್ಟೆ. ಏಪ್ರಿಲ್‌ನಲ್ಲಿ ನಿನಗೆ ಇಲ್ಲಿ ಕೆಲಸವಿಲ್ಲ. ಮುಂದೆ ಎಂದಾದರೂ ಫೋನಿನಲ್ಲಿ ನಾನು ಬಾ ಎಂದು ಅತ್ತರೆ, ಕೇಳಿಸಲಿಲ್ಲ ಅನ್ನು.