ಎಲ್ಲಿಂದ ಬಂತು ಎಂದು ಕೇಳಬಾರದು

೮ ಅಕ್ಟೋಬರ್ ೧೯೯೫, ಭಾನುವಾರ

ಬೆಳಿಗ್ಗೆ ಮತ್ತೆ ಅದೇ ಅವಲಕ್ಕಿ. ತಿಂದು ಹೊರಟೆ. ಟಾಲಿಗಂಜ್‌ನಿಂದ ಡಮ್ ಡಮ್‌ಗೆ ಈಗ ಮೆಟ್ರೋ ನೇರ. ಬಸ್ಸಿನಲ್ಲಿ ಜೋತು ಬೀಳುವ ಕರ್ಮ ತಪ್ಪಿತು.

ನಿಬಾರಣದಾ ಮನೆಯ ಕೆಳಗಿನ ಕೋಣೆಯಲ್ಲಿ ನಮ್ಮ ಭಾನುವಾರದ ಅಡ್ಡಾ. ಹಳೆ ನಾಣ್ಯದ ಹುಚ್ಚರ ಕೂಟ. ನಿಬಾರಣದಾ, ರೈಲ್ವೆಯ ಹೊನ್ನಪ್ಪ, ಘೋಷಾಲ್ ಮೇಷ್ಟ್ರು, ನಾನು. ದುರ್ಗಾಪೂಜೆ ಮುಗಿದ ಮೇಲಿನ ಮೊದಲ ಭಾನುವಾರ... ಬಿಜೋಯಾ. ಹಿರಿಯರ ಕಾಲು ಮುಟ್ಟಿ, ಸಿಹಿ ತಿಂದು ಬರುವ ದಿನ. ಬ್ಯಾಂಕು ನನ್ನನ್ನು ಈ ಊರಿಗೆ ಎಸೆದಂದಿನಿಂದ ಒಮ್ಮೆಯೂ ತಪ್ಪಿಸಿಲ್ಲ. ಇವತ್ತು ತಪ್ಪಿತು. ನಿಬಾರಣದಾ ಮಹಡಿಯಿಂದ ಇಳಿಯಲಿಲ್ಲ. ಅವರ ತಮ್ಮನ ಮಗ ಪ್ರಬೀರ ಬಾಗಿಲು ತೆರೆದ. ದೊಡ್ಡಪ್ಪನಿಗೆ, ಅವನ ಬಾಯಲ್ಲಿ ‘ಜೇಠು’ವಿಗೆ, ಪ್ರೆಶರ್ ಏರಿದೆಯಂತೆ. ಮಾತಾಡಕೂಡದು, ಮೆಟ್ಟಿಲು ಇಳಿಯಕೂಡದು ಎಂದು ಡಾಕ್ಟರು ಹೇಳಿದ್ದಾರಂತೆ. ಕೆಲಸದ ಮಾಸಿ ಪೂಜೆಗೆಂದು ಊರಿಗೆ ಹೋಗಿದ್ದಾಳೆ. ಎಲ್ಲ ಅವನೇ ನೋಡಿಕೊಳ್ಳುತ್ತಿದ್ದಾನೆ ಪಾಪ.

ಆಮೇಲೆ ಒಂದು ತಟ್ಟೆ ತಂದ. ಸಂದೇಶ್ ಮಿಠಾಯಿಯ ಪಕ್ಕ ಚಿಕ್ಕ ಕಾಗದದ ಪೊಟ್ಟಣಗಳು. “ಜೇಠು ಕೊಟ್ಟಿದ್ದಾರೆ. ಒಬ್ಬೊಬ್ಬರಿಗೆ ಒಂದು. ಇಟ್ಟುಕೊಂಡು ಏನು ಮಾಡಲಿ, ಗೊತ್ತಿದ್ದವರ ಕೈ ಸೇರಲಿ ಅಂದರು.”

ನಿಬಾರಣದಾ! ಎಂಜಲು ಕೈಯಲ್ಲಿ ಕಾಗೆ ಓಡಿಸದ ಮನುಷ್ಯ! ಸವೆದ ಕಾಸನ್ನೂ ಮೂರು ತಿಂಗಳು ಚೌಕಾಸಿ ಮಾಡದೆ ಬಿಟ್ಟುಕೊಟ್ಟವರಲ್ಲ. ಹೊನ್ನಪ್ಪನಿಗೆ ಮುರ್ಷಿದಾಬಾದಿನ ರೂಪಾಯಿ. ಮೇಷ್ಟ್ರಿಗೆ ಕೂಚ್ ಬಿಹಾರದ್ದು. ನನಗೆ ಟಿಪ್ಪುವಿನ ಆನೆ ಕಾಸು, ಬಾಲದ ಕೂದಲೂ ಕಾಣುವಷ್ಟು ಸ್ಪಷ್ಟ. ಯಾರೂ ಏನೂ ಕೇಳಲಿಲ್ಲ. ನಾಣ್ಯದವರಲ್ಲಿ ಒಂದು ಮರ್ಯಾದೆ ಇದೆ. ಎಲ್ಲಿಂದ ಬಂತು, ಯಾಕೆ ಬಂತು ಎಂದು ಕೇಳಬಾರದು. ಕೇಳಿದವನಿಗೆ ಮುಂದಿನ ಸಲ ಯಾರೂ ಪೆಟ್ಟಿಗೆ ತೆರೆಯುವುದಿಲ್ಲ.

ಮನೆಗೆ ಬಂದು ವನಜಾಕ್ಷಿಗೆ ತೋರಿಸಿದೆ. ಆನೆಯನ್ನು ನೋಡಲೇ ಇಲ್ಲ ಮಹಾರಾಯ್ತಿ.

“ಅವರು ಹೇಗಿದ್ದಾರೆ?”

ನೋಡಲಿಲ್ಲ ಎಂದೆ.

“ಎಂತ ಮಾರಾಯ್ರೆ! ಕಾಲು ಮುಟ್ಟಿ ಬರ್ಲಿಕ್ಕೆ ಹೋದವರು ಮುಖ ಸಹ ನೋಡದೆ ಬಂದದ್ದಾ? ಮೆಟ್ಲು ಹತ್ತಿದ್ರೆ ನಿಮ್ಮ ಕಾಲು ಸವೀತಿತ್ತಾ?”

ಹೆಂಗಸಿಗೆ ನಾಣ್ಯ ತೋರಿಸಿದ್ದೇ ತಪ್ಪು.

೧೫ ಅಕ್ಟೋಬರ್, ಭಾನುವಾರ

ವನಜಾಕ್ಷಿ ಪತ್ರೊಡೆ ಕಟ್ಟಿಕೊಟ್ಟಳು. ನಿಬಾರಣದಾಗೆ ಅದೆಂದರೆ ಪ್ರಾಣ. ಪ್ರಬೀರ ಡಬ್ಬಿ ಇಸಿದುಕೊಂಡು ಒಳಗಿಟ್ಟ.

ಮತ್ತೆ ಪೊಟ್ಟಣಗಳು. ಇನ್ನೂ ಒಳ್ಳೆಯವು. ನನಗೆ ಬಂಗಾಳ ಸುಲ್ತಾನರ ಬೆಳ್ಳಿ ಟಂಕ. ಮೇಷ್ಟ್ರು ಕುರ್ಚಿಯನ್ನು ಟ್ಯೂಬ್‌ಲೈಟಿನ ಕೆಳಗೆ ಎಳೆದುಕೊಂಡರು. ಭೂತಗನ್ನಡಿ ಒಬ್ಬರಿಂದ ಒಬ್ಬರಿಗೆ ಹೋಗುತ್ತಿತ್ತು.

ಆಗ ಮೇಲೆ ಸದ್ದು. ಟಕ್. ಟಕ್ ಟಕ್. ನೆಲಕ್ಕೆ ಕೋಲು ಬಡಿದ ಹಾಗೆ. ಸರಿಯಾಗಿ ನಮ್ಮ ತಲೆಯ ಮೇಲೆ. ನಾವು ಮೂವರೂ ತಲೆ ಎತ್ತಿದೆವು. ಪ್ರಬೀರ ನಕ್ಕ. “ಮಿಸ್ತ್ರಿ. ಹಳೆ ಮನೆ ಅಲ್ಲವಾ ಕಾಕು, ಹೆಂಚು ಒಡೆದಿದೆ.” ಎದ್ದು ಫ್ಯಾನ್ ಜೋರು ಮಾಡಿದ. ಕಟಕಟ ಎನ್ನುವ ಹಳೆಯ ಫ್ಯಾನು. ಆಮೇಲೆ ಏನೂ ಕೇಳಿಸಲಿಲ್ಲ.

ಭಾನುವಾರ ಯಾವ ಮಿಸ್ತ್ರಿ ಬರುತ್ತಾನೆ ಈ ಊರಲ್ಲಿ?

ಟಂಕ ಮಾತ್ರ ಅಪೂರ್ವ. ಎರಡು ವರ್ಷ ಹಿಂದೆ ಹದಿನೈದು ದಿನ ಕಾಡಿದರೂ ಮುಟ್ಟಲು ಬಿಟ್ಟಿರಲಿಲ್ಲ.

೧೬ ಅಕ್ಟೋಬರ್, ಸೋಮವಾರ

ಬ್ರಾಂಚಿನಿಂದ ಬಂದು ಟಂಕವನ್ನು ಕಿಟಕಿಯ ಬೆಳಕಿಗೆ ಹಿಡಿದೆ.

ತೊಳೆದಿದ್ದಾರೆ. ಹುಣಸೆಹಣ್ಣೋ, ಬೂದಿಯೋ ಹಾಕಿ ಉಜ್ಜಿದ್ದಾರೆ. ದೇವರ ದೀಪದ ಹಾಗೆ ಹೊಳೆಯುತ್ತಿದೆ. ನಿನ್ನೆ ಟ್ಯೂಬ್‌ಲೈಟಿನಲ್ಲಿ ತಿಳಿಯಲಿಲ್ಲ. ಆನೆ ಕಾಸು ತೆಗೆದು ನೋಡಿದೆ. ಅದೂ ಹಾಗೇ.

ಹಳೆ ನಾಣ್ಯದ ಮೇಲಿನ ಕಪ್ಪು ಐನೂರು ವರ್ಷದ್ದು. ಅದನ್ನು ಉಜ್ಜಿ ತೆಗೆದರೆ ನಾಣ್ಯ ಸತ್ತ ಹಾಗೆ. ಎಳೆಮಕ್ಕಳಿಗೂ ಗೊತ್ತು. ಒಂದು ಸಲ ಹೊನ್ನಪ್ಪ ಮರೆತು ಪ್ಯಾಂಟಿಗೆ ಒರೆಸಿದ್ದಕ್ಕೆ ನಿಬಾರಣದಾ ಅವನನ್ನು ಎರಡು ತಿಂಗಳು ಮನೆಗೆ ಸೇರಿಸಿರಲಿಲ್ಲ. ಅಂಥವರು ತೊಳೆದು ಕೊಟ್ಟರೇ? ಅವರ ಕಣ್ಣೆದುರು ಯಾರಾದರೂ ತೊಳೆಯಲು ಬಿಟ್ಟರೇ? ಪ್ರಾಣ ಇರುವವರೆಗೆ ಬಿಡುವವರಲ್ಲ.

ಹಾಗಾದರೆ ಇದನ್ನು ಕೊಡುತ್ತಿರುವವರು ಅವರಲ್ಲ.

ಫೋನ್ ಮಾಡಿದೆ. ಪ್ರಬೀರ ಎತ್ತಿದ. “ಮಲಗಿದ್ದಾರೆ ಕಾಕು.” ಸಂಜೆ ಏಳಕ್ಕೆ? ಅವರು ಏಳಕ್ಕೆ ರೇಡಿಯೋ ವಾರ್ತೆ ಕೇಳದೆ ಮಲಗಿದ್ದುಂಟೇ?

೧೮ ಅಕ್ಟೋಬರ್, ಬುಧವಾರ

ಸಿಯಾಲ್ದಾ ಸ್ಟೇಷನ್ನಿಗೆ ಹೋಗಿ ಹೊನ್ನಪ್ಪನನ್ನು ಹಿಡಿದೆ. ಧಾರವಾಡದ ಮನುಷ್ಯ, ನೇರ ಮಾತು. ಅವನಾದರೂ ನನ್ನ ಜೊತೆ ನಿಲ್ಲುತ್ತಾನೆ ಅಂದುಕೊಂಡಿದ್ದೆ. ಕ್ಯಾಂಟೀನಿನಲ್ಲಿ ಚಹಾ ಹೇಳಿದ. ತೊಳೆದ ವಿಷಯ ಹೇಳಿದೆ.

“ಗೊತ್ತೈತ್ರಿ. ನಂದೂ ತೊಳದಾರ.”

“ಮತ್ತೆ?”

“ಮತ್ತೇನ್ರಿ ಶಾಂತಾರಾಮ್? ದಾನಕ್ಕ ಕೊಟ್ಟ ಎಮ್ಮಿ ಹಲ್ಲ ಎಣಸ್ತೀರೇನು? ಆ ಹುಡುಗ ಪ್ರಮೋಟರ್ ಕಡೆ ಅಡ್ವಾನ್ಸ್ ತಗೊಂಡಾನಂತ, ಮನಿ ಕೆಡವಿ ಫ್ಲ್ಯಾಟ್ ಕಟ್ಟಾಕ. ಮುದುಕ ಸಹಿ ಹಾಕವಲ್ಲ. ಅದು ಅವರ ಮನಿ ಜಗಳ. ನಾವ್ ಹೊರಗಿನವ್ರು, ನಡಕ್ ಹೋಗಿ ಏನ್ ಮಾಡ್ತೀರಿ?”

ಮೇಲಿನ ಕೋಲಿನ ಸದ್ದು ನೆನಪಿಸಿದೆ. ಲೋಟ ಕೆಳಗಿಟ್ಟು ನನ್ನನ್ನೇ ನೋಡಿದ.

“ಹೆಂಚು ಅಂದ್ನಲ್ಲ.”

“ಹೊನ್ನಪ್ಪಾ, ಕೋಲು ಅದು.”

“ಹಂಗಿದ್ರ ಅವತ್ತ ಯಾಕ ಏಳಲಿಲ್ರಿ ನೀವು?”

ಚಹಾದ ದುಡ್ಡು ಅವನೇ ಕೊಟ್ಟ.

೨೨ ಅಕ್ಟೋಬರ್, ಭಾನುವಾರ

ಇವತ್ತು ಮಹಡಿ ಹತ್ತಿಯೇ ತೀರುವುದು ಎಂದು ಹೊರಟೆ. ವನಜಾಕ್ಷಿಯೂ ಅದನ್ನೇ ಹೇಳಿ ಕಳಿಸಿದ್ದಳು.

ಮೆಟ್ಟಿಲ ಬುಡದಲ್ಲಿ ಹೊಸ ಕಬ್ಬಿಣದ ಗೇಟು. ಬೀಗ. “ಕಾಳೀಪೂಜೆ ಕಾಲ, ಕಳ್ಳರ ಕಾಟ,” ಎಂದ ಪ್ರಬೀರ. ಬೀಗದ ಕೈ ಕೇಳಬೇಕಿತ್ತು. ಅಷ್ಟರಲ್ಲಿ ತಟ್ಟೆ ಬಂತು.

ಸದ್ದು ಇವತ್ತೂ ಬಂತು. ಮೆಲ್ಲಗೆ. ಒಂದು ಟಕ್. ಬಹಳ ಹೊತ್ತಿನ ನಂತರ ಇನ್ನೊಂದು. ಕೋಲು ಹಿಡಿದ ಕೈ ಸೋತ ಹಾಗೆ. ಘೋಷಾಲ್ ಮೇಷ್ಟ್ರು ಭೂತಗನ್ನಡಿಯಿಂದ ಕಣ್ಣು ತೆಗೆಯಲೇ ಇಲ್ಲ. ಹೊನ್ನಪ್ಪ ಸುಮ್ಮನೆ ಕೆಮ್ಮಿದ. ನಾನು ಗಂಟಲು ಸರಿ ಮಾಡಿಕೊಂಡೆ, ಎದ್ದೆ... ಪ್ರಬೀರನೂ ಎದ್ದ. “ಬನ್ನಿ ಕಾಕು, ನಿಮ್ಮನ್ನು ಸ್ಟೇಷನ್‌ವರೆಗೆ ಬಿಡ್ತೇನೆ.”

ದಾರಿಯಲ್ಲಿ ಜೇಬಿನಿಂದ ತೆಗೆದು ನನ್ನ ಅಂಗೈಯಲ್ಲಿಟ್ಟ. ಆಳುಪರ ಗದ್ಯಾಣ. ಚಿನ್ನ. ಎರಡು ಮೀನು.

ದೇವರೇ. ನನ್ನ ಬಾರಕೂರಿನ ನಾಣ್ಯ. ನಾನು ಹುಟ್ಟಿದ ಊರಿನಲ್ಲಿ ಟಂಕಿಸಿದ್ದು, ಇಷ್ಟು ದೂರ ಬಂದು ಇವರ ಪೆಟ್ಟಿಗೆ ಸೇರಿದ್ದು. ಹನ್ನೊಂದು ವರ್ಷ ಬೇಡಿದ್ದೇನೆ. ಕಾಲು ಹಿಡಿಯುವುದೊಂದು ಬಾಕಿ. ಮೀನಿನ ಕಣ್ಣು ಕೂಡ ಇದೆ. ಚಿನ್ನವಾದ್ದರಿಂದ ಇದನ್ನು ತೊಳೆದಿಲ್ಲ.

“ಇದು ನಿಮಗೊಬ್ಬರಿಗೇ,” ಎಂದ. “ಒಂದು ಸಣ್ಣ ಉಪಕಾರ. ಪಕ್ಕದ ಮನೆಯವರು ಪಾರ್ಟಿ ಆಫೀಸಿಗೆ ಏನೋ ಚಾಡಿ ಹೇಳಿದ್ದಾರೆ. ಅಲ್ಲಿಂದ ಯಾರಾದರೂ ಕೇಳಿದರೆ ಇವತ್ತು ಜೇಠುವನ್ನು ನೋಡಿದೆ, ಚೆನ್ನಾಗಿದ್ದರು ಅಂದುಬಿಡಿ. ನೀವು ಬ್ಯಾಂಕ್ ಮ್ಯಾನೇಜರು. ನಿಮ್ಮ ಮಾತಿಗೆ ಬೆಲೆ ಇದೆ.”

ಹೂಂ ಅನ್ನಲಿಲ್ಲ. ಊಹೂಂ ಅಂತಲೂ ಅನ್ನಲಿಲ್ಲ. ಟ್ರೇನು ಬಂತು. ಗದ್ಯಾಣ ಮುಷ್ಟಿಯಲ್ಲೇ ಇತ್ತು.

ವನಜಾಕ್ಷಿ ಬಾಗಿಲಲ್ಲೇ ಕೇಳಿದಳು. “ನೋಡಿದ್ರಾ?” ಬೀಗ ಹಾಕಿತ್ತು ಎಂದೆ. ಗದ್ಯಾಣದ ಸುದ್ದಿ ಎತ್ತಲಿಲ್ಲ.

೨೫ ಅಕ್ಟೋಬರ್, ಬುಧವಾರ

ಬಂದ. ಬ್ರಾಂಚಿಗೇ ಬಂದ. ಡಮ್ ಡಮ್ ಪಾರ್ಟಿ ಆಫೀಸಿನ ದೇಬು ಎಂಬಾತ. ಈ ಊರಲ್ಲಿ ಮನೆ ಜಗಳವೂ ಪೊಲೀಸರಿಗಿಂತ ಮೊದಲು ಆಳುವ ಪಾರ್ಟಿಯವರ ಹತ್ತಿರವೇ ಹೋಗುವುದು. ಹೆಗಲಿಗೆ ಜೋಳಿಗೆ, ಸವೆದ ಚಪ್ಪಲಿ, ನಲವತ್ತರ ಆಸುಪಾಸು. ಗದರುತ್ತಾನೆ ಅಂದುಕೊಂಡಿದ್ದೆ. ಕೈ ಮುಗಿದು ನಿಂತ.

“ನಿಬಾರಣಬಾಬು ನನಗೆ ಚಿಕ್ಕಂದಿನಲ್ಲಿ ಲೆಕ್ಕ ಹೇಳಿಕೊಟ್ಟವರು ದಾದಾ. ಪಕ್ಕದ ಮನೆ ಹೆಂಗಸು ಗೋಡೆಯಾಚೆ ಏನೋ ಬಡಿಯೋ ಸದ್ದು ಅಂತಾಳೆ. ಪ್ರಬೀರ ಬಾಗಿಲಲ್ಲೇ ನಿಲ್ಲಿಸಿ ಕಳಿಸ್ತಾನೆ. ಬಾಗಿಲು ಮುರಿದು ನುಗ್ಗೋಕಾಗಲ್ಲ, ಮನೆಯವರ ವಿಷಯ. ನೀವು ಪ್ರತಿ ಭಾನುವಾರ ಹೋಗ್ತೀರಂತೆ. ಅವರನ್ನು ನೋಡಿದಿರಾ?”

ಒಂದು ಮಾತು. ಇಲ್ಲ ಅನ್ನಬೇಕಿತ್ತು. ಅಷ್ಟೇ.

ಇಲ್ಲ ಅಂದಿದ್ದರೆ? ಮೂರು ವಾರ ಕೆಳಗೆ ಕೂತು, ಎರಡು ವಾರ ಸದ್ದು ಕೇಳಿಯೂ ಏನು ಮಾಡುತ್ತಿದ್ದಿರಿ ಎಂದು ಕೇಳುತ್ತಿದ್ದ. ಪೊಟ್ಟಣಗಳ ಸಂಗತಿ ಬರುತ್ತಿತ್ತು. ಗದ್ಯಾಣ ಹೋಗುತ್ತಿತ್ತು...

“ನೋಡಿದೆ,” ಎಂದೆ. “ಭಾನುವಾರ. ಚೆನ್ನಾಗಿದ್ದಾರೆ. ಸ್ವಲ್ಪ ಸುಸ್ತು. ಮಾತಾಡಿದರು.”

ಆತನ ಮುಖ ಅರಳಿತು. “ಬದುಕಿಸಿದಿರಿ ದಾದಾ!” ಎಂದು ನನ್ನ ಎರಡೂ ಕೈ ಹಿಡಿದುಕೊಂಡ. ನಾನು ಚಹಾ ತರಿಸಿದೆ. ಬಿಸ್ಕತ್ತೂ ತರಿಸಿದೆ. ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿಕೊಂಡ ಹಾಗೆ ಸಂಜೆವರೆಗೆ ಅಂಗಿಯ ಜೇಬು ಮುಟ್ಟಿಕೊಳ್ಳುತ್ತಿದ್ದೆ.

೨೬ ಅಕ್ಟೋಬರ್

ಪಾರ್ಟಿ ಆಫೀಸಿನ ಫೋನ್ ನಂಬರ್ ಪತ್ತೆ ಮಾಡಿದೆ. ಡಯಲ್ ಮಾಡಿ ಇಟ್ಟುಬಿಟ್ಟೆ. ನಾಳೆ.

೨೯ ಅಕ್ಟೋಬರ್, ಭಾನುವಾರ

ಹೋದೆ. ಯಾಕೆ ಹೋದೆ ಎಂದು ಕೇಳಿದರೆ ಸದ್ದು ಕೇಳಲು.

ಕಿವಿ ಕೊಟ್ಟು ಕೂತಿದ್ದೆ. ಪ್ರಬೀರ ಇವತ್ತು ಫ್ಯಾನ್ ಹಾಕಲಿಲ್ಲ. ಬೇಕಾಗಿರಲಿಲ್ಲ. ಮೇಲೆ ಏನೂ ಇಲ್ಲ. ಘೋಷಾಲ್ ಮೇಷ್ಟ್ರು ಬಂದಿರಲಿಲ್ಲ, ಮೈ ಸರಿಯಿಲ್ಲವಂತೆ. ಹೊನ್ನಪ್ಪ ಪೊಟ್ಟಣ ತೆಗೆದುಕೊಂಡು ಬಿಚ್ಚದೆ ಜೇಬಿಗೆ ಹಾಕಿದ. ನಾನು ಬೇಡ ಎಂದೆ. ಪ್ರಬೀರ ಒತ್ತಾಯಿಸಲಿಲ್ಲ. “ಇನ್ನು ಮುಂದೆ ಇಲ್ಲಿ ಸೇರೋದು ಕಷ್ಟ,” ಎಂದಷ್ಟೇ ಹೇಳಿದ.

ಮಲಗಿ ನಿದ್ದೆ ಮಾಡುತ್ತಿರಬಹುದು. ಸುಸ್ತು. ಔಷಧ ಬದಲಾಗಿರಬಹುದು. ವಯಸ್ಸಾದವರು ಹಗಲೂ ನಿದ್ದೆ ಮಾಡುತ್ತಾರೆ.

ವನಜಾಕ್ಷಿಗೆ ಎಲ್ಲ ಹೇಳಿದೆ. ಗದ್ಯಾಣ ತೋರಿಸಿದೆ. ಮುಟ್ಟಲಿಲ್ಲ. ತಲೆ ಮೇಲೆ ಕೈ ಹೊತ್ತು ಕೂತಳು.

“ನೀವು ನೋಡಿದೆ ಅಂತ ಹೇಳಿದ್ದಾ? ಬಾಯಿ ಬಿಟ್ಟು ಹೇಳಿದ್ದಾ?”

“ಹೂಂ.”

“ಈಗ್ಲೇ ಹೋಗಿ. ಹೇಳಿದ್ದು ಸುಳ್ಳು ಅಂತ ಹೇಳಿ ಬನ್ನಿ. ಅಂಗಿ ಹಾಕ್ಕೊಳ್ಳಿ.”

ಭಾನುವಾರ ಸಂಜೆ ಪಾರ್ಟಿ ಆಫೀಸಿನಲ್ಲಿ ಯಾರಿರುತ್ತಾರೆ ಎಂದೆ. ನಾಳೆ ರಜೆ ಹಾಕಿ ಹೋಗುತ್ತೇನೆ ಎಂದೆ. ಅವಳು ಊಟಕ್ಕೆ ಏಳಲಿಲ್ಲ.

೩೦ ಅಕ್ಟೋಬರ್

ಹೆಡ್ಡಾಫೀಸಿನಿಂದ ಇನ್‌ಸ್ಪೆಕ್ಷನ್. ರಜೆ ಸಿಗಲಿಲ್ಲ.

ನಿಜ ಹೇಳಬೇಕೆಂದರೆ ಕೇಳಲಿಲ್ಲ.

೧ ನವೆಂಬರ್, ಬುಧವಾರ

ಹೊನ್ನಪ್ಪ ಫೋನ್ ಮಾಡಿದ. ಕೆಲಸದ ಮಾಸಿ ನಿನ್ನೆ ಊರಿಂದ ಬಂದಳಂತೆ. ಗೇಟಿನ ಬೀಗ ನೋಡಿ ಬೀದಿಯಲ್ಲಿ ಕೂಗಾಡಿದಳಂತೆ. ಅಕ್ಕಪಕ್ಕದವರು ಸೇರಿ ಬೀಗ ಒಡೆದರಂತೆ. ದೇಬುನೂ ಇದ್ದನಂತೆ.

ಮಂಚದ ಕೆಳಗೆ, ನೆಲದ ಮೇಲೆ ಸಿಕ್ಕರಂತೆ. ಹೋಗಿ ಎರಡು ದಿನ ಆಗಿತ್ತಂತೆ. ಪೂಜೆ ಹೊತ್ತಿಗೇ ಪಾರ್ಶ್ವವಾಯು ಹೊಡೆದು ಮಾತು ನಿಂತಿತ್ತು, ಎಡಗೈ ಬಿದ್ದುಹೋಗಿತ್ತು ಎಂದು ಡಾಕ್ಟರು ಹೇಳುತ್ತಾರೆ. ಯಾವ ಡಾಕ್ಟರೂ ಮೊದಲು ಬಂದೇ ಇರಲಿಲ್ಲ. ಮೈಯಲ್ಲಿ ಮಾಂಸವೇ ಇರಲಿಲ್ಲ ಎಂದು ಮಾಸಿ ಎದೆ ಬಡಿದುಕೊಂಡು ಅತ್ತಳಂತೆ.

ಪ್ರಬೀರ ಓಡಿಹೋಗಿಲ್ಲ. ಹೋಗುವ ಅಗತ್ಯ ಅವನಿಗಿಲ್ಲ. ಇಪ್ಪತ್ತೆರಡರವರೆಗೆ ಚೆನ್ನಾಗಿದ್ದರು, ಆಮೇಲೆ ತಟ್ಟನೆ ಕೆಟ್ಟಿತು, ನಾನೇನು ಮಾಡಲಿ, ಶಾಂತಾರಾಮಬಾಬುವನ್ನು ಕೇಳಿ ಅನ್ನುತ್ತಾನಂತೆ.

“ನಿಮ್ಮನ್ನ ಕೇಳಿದ್ರೇನು?” ಎಂದೆ.

“ಪೊಲೀಸ್ರು ಕೇಳಿದ್ರು. ಮ್ಯಾಲೆ ಹೋಗಿಲ್ರೀ ನಾವು ಅಂದೆ. ಮೇಷ್ಟ್ರೂ ಹಂಗ ಅಂದಾರ.” ಫೋನ್ ಇಡುವ ಮುಂಚೆ ಹೇಳಿದ, “ಶಾಂತಾರಾಮ್, ನೀವ್ ಒಬ್ರ ನೋಡಿದವ್ರು.”

ಕೊಂದುಬಿಟ್ಟೆ. ಬಡಿಯುತ್ತಿದ್ದ ಮನುಷ್ಯನನ್ನು ಎರಡು ಮೀನಿಗೆ ಮಾರಿದೆ. ಇಪ್ಪತ್ತೈದಕ್ಕೆ ನಾನು ಇಲ್ಲ ಅಂದಿದ್ದರೆ ದೇಬು ಅದೇ ಸಂಜೆ ಬೀಗ ಒಡೆಯುತ್ತಿದ್ದ. ಅವರಿನ್ನೂ ಇದ್ದರು ಆಗ.

೨ ನವೆಂಬರ್, ಗುರುವಾರ, ಬೆಳಿಗ್ಗೆ

ಠಾಣೆಯಿಂದ ನಿನ್ನೆ ರಾತ್ರಿ ಫೋನ್. ಬೆಳಿಗ್ಗೆ ಎಸ್.ಐ. ಬರುತ್ತಾರೆ, ಹೇಳಿಕೆ ತೆಗೆದುಕೊಳ್ಳಲು. ಪ್ರಬೀರನೂ ಫೋನ್ ಮಾಡಿದ್ದ. ಏನೂ ಕೇಳಲಿಲ್ಲ. “ಆರೋಗ್ಯ ಹೇಗಿದೆ ಕಾಕು?” ಎಂದು ವಿಚಾರಿಸಿ ಇಟ್ಟ.

ನೋಡಿದೆ ಅಂದರೆ ಮುಗಿಯಿತು. ಮುದುಕರು, ಕಾಯಿಲೆ, ವಿಧಿ. ಫೈಲ್ ಮುಚ್ಚುತ್ತದೆ. ಪ್ರಬೀರ ಮನೆ ಕೆಡವುತ್ತಾನೆ. ನೋಡಿಲ್ಲ ಅಂದರೆ ಬಾಯಿ ಮುಚ್ಚಿಕೊಳ್ಳಲು ಚಿನ್ನ ತಿಂದವನು ನಾನು. ನೌಕರಿ, ಪೆನ್ಶನ್, ಹೆಸರು, ಎಲ್ಲ.

ಕೇಳುತ್ತಾರೆ. ಏನು ಉಟ್ಟಿದ್ದರು? ಎಲ್ಲಿ ಕೂತಿದ್ದರು? ಕೊನೆಗೆ ಏನು ಹೇಳಿದರು? ಕೇಳಿಯೇ ಕೇಳುತ್ತಾರೆ. ಬಿಳಿ ಧೋತಿ ಅನ್ನಲೇ. ಮಂಚದ ಮೇಲೆ, ದಿಂಬಿಗೆ ಒರಗಿ. ಊರಿಗೆ ಯಾವಾಗ ಹೋಗ್ತೀ ಎಂದು ಕೇಳಿದರು... ಅವರು ನಿಜವಾಗಿ ಕೇಳುತ್ತಿದ್ದ ಮಾತು ಅದು. ಥೂ ನನ್ನ ಜನ್ಮಕ್ಕೆ.

ವನಜಾಕ್ಷಿ ಬಾಗಿಲಲ್ಲಿ ನಿಂತಿದ್ದಾಳೆ. ಒಳ್ಳೆ ಸೀರೆ ಉಟ್ಟಿದ್ದಾಳೆ.

“ನಿಮ್ಮ ಪರವಾಗಿ ನಾನು ಹೇಳುವುದಿಲ್ಲ. ನೀವು ಸುಳ್ಳು ಹೇಳಿದ್ರೆ ಸುಮ್ನೆ ಕೂರುವುದೂ ಇಲ್ಲ. ಈಗ್ಲೇ ಹೇಳಿಟ್ಟಿದ್ದೇನೆ.”

ಕೆಳಗೆ ಜೀಪು ನಿಂತಿತು. ಬಾಗಿಲು ತೆಗೆಯಲು ಅವಳೇ ಹೋದಳು. ಬೂಟುಗಳು ಮೆಟ್ಟಿಲು ಹತ್ತುತ್ತಿವೆ. ಬಾಯಿ ತಡವರಿಸದ ಹಾಗೆ ಒಮ್ಮೆ ಬರೆದುಕೊಳ್ಳುತ್ತೇನೆ. ಒಂದೇ ವಾಕ್ಯ. ನನ್ನ ಹೆಸರು ಶಾಂತಾರಾಮ. ಅಕ್ಟೋಬರ್ ಇಪ್ಪತ್ತೆರಡನೇ ತಾರೀಕು, ಭಾನುವಾರ, ನಾನು ನಿಬಾರಣಬಾಬುವನ್ನು