ನನಗೆ ಹೇಳದೆ ಮಾಡಿಸಿಕೊಂಡ ಆಪರೇಷನ್

ಭರತೇಶನಿಗೆ, ಸೂರತ್ತಿನಿಂದ ವಿಂಧ್ಯಾಳ ನಮಸ್ಕಾರ.

ಮೊನ್ನೆ ಅಹಮದಾಬಾದಿನಲ್ಲಿ ಒಂದು ಮದುವೆಗೆ ಹೋಗಿದ್ದೆ. ಅಲ್ಲಿ ನಿನ್ನ ತಂಗಿ ಸಂಧ್ಯಾ ಸಿಕ್ಕಳು. ಕೇಳಬಾರದೆಂದುಕೊಂಡೇ ನಿನ್ನ ವಿಷಯ ಕೇಳಿದೆ. "ಈಗ ಆರಾಮ ಅದಾನ್ರೀ. ಎದಿ ಆಪರೇಷನ್ ಆದಮ್ಯಾಲ ದಮ್ಮು ಹತ್ತೂದು ನಿಂತೈತಿ," ಅಂದಳು. ನನ್ನ ಮುಖ ನೋಡಿ ಅವಳಿಗೇ ಗಾಬರಿಯಾಯಿತು. "ಅಯ್ಯ, ನಿಮಗ ಅಂವಾ ಹೇಳೇ ಇಲ್ಲೇನ್ರೀ?"

ನೀನು ಹೇಳಿರಲಿಲ್ಲ. ನಮ್ಮ ಮದುವೆಯ ಮಾತು ನಡೆದಿದ್ದ ಆ ಬೇಸಿಗೆಯಲ್ಲಿ, ವಡೋದರಾದ ಮಂಜಲ್‌ಪುರದ ನಿನ್ನ ಬಾಡಿಗೆ ಮನೆಯ ಮೆಟ್ಟಿಲು ಹತ್ತುವಾಗ ನೀನು ಅರ್ಧದಲ್ಲೇ ನಿಂತು ಕೆಮ್ಮುತ್ತಿದ್ದೆ. ಕಾರ್ಖಾನೆಯ ಧೂಳು ಎಂದು ನಗುತ್ತಿದ್ದೆ. ಆಮೇಲೊಂದು ದಿನ ವಡೋದರಾ ಸ್ಟೇಷನ್ನಿನಲ್ಲಿ, ನನ್ನ ರೈಲು ಬರುವ ಹೊತ್ತಿಗೆ, "ನನಗ ಈ ಲಗ್ನ ಬ್ಯಾಡ ವಿಂಧ್ಯಾ. ಮನಸ್ಸಿಲ್ಲ. ಯಾಕಂತ ಕೇಳಬ್ಯಾಡ," ಅಂದುಬಿಟ್ಟೆ. ಸೂರತ್ ಬರುವವರೆಗೂ ನಾನು ಕಿಟಕಿಯ ಕಡೆ ಮುಖ ತಿರುಗಿಸಿ ಅತ್ತೆ.

ಆ ವಾರವೇ ಸ್ಕ್ಯಾನಿನಲ್ಲಿ ನಿನ್ನ ಬಲಗಡೆಯ ಶ್ವಾಸಕೋಶವನ್ನು ಒತ್ತಿಕೊಂಡು ಬೆಳೆದಿದ್ದ ಗೆಡ್ಡೆ ಕಂಡಿತ್ತಂತೆ. ತೆಗೆದು ಪರೀಕ್ಷಿಸುವವರೆಗೆ ಏನೂ ಹೇಳಲಾಗದು ಎಂದು ಡಾಕ್ಟರು ಅಂದರೂ, ಕ್ಯಾನ್ಸರೇ ಎಂದು ನೀನೇ ತೀರ್ಮಾನಿಸಿದೆಯಂತೆ. ತಿಂಗಳುಗಟ್ಟಲೆ ಆಪರೇಷನ್ನಿಗೂ ಒಪ್ಪಲಿಲ್ಲ. ಕೊನೆಗೆ ಸಂಧ್ಯಾ ಅತ್ತೂ ಕರೆದೂ ಒಪ್ಪಿಸಿದಳು. ಗೆಡ್ಡೆ ಪೂರ್ತಿಯಾಗಿ ಹೊರಬಂತು, ಮುದುಡಿದ್ದ ಶ್ವಾಸಕೋಶ ಮತ್ತೆ ಅರಳಿತು. ಅದು ಕ್ಯಾನ್ಸರ್ ಆಗಿರಲೇ ಇಲ್ಲ. ವರದಿ ಬಂದ ದಿನ, ಹೊಲಿಗೆಯ ನೋವಿನಲ್ಲೇ ಎದ್ದು ಕೂತು, ನನಗೆ ಫೋನ್ ಮಾಡುತ್ತೇನೆಂದು ಹಟ ಹಿಡಿದೆಯಂತೆ. ಸಂಧ್ಯಾಳೇ ಹೇಳಬೇಕಾಯಿತು: "ಬ್ಯಾಡಣ್ಣ. ಹೋದ ತಿಂಗಳ ಅವರ ಲಗ್ನ ಆತು."

ನನ್ನ ಗಂಡ ಅನಿಲ್ ಒಳ್ಳೆಯವರು. ಇಲ್ಲಿ ಸೂರತ್ತಿನ ಉಧ್ನಾದಲ್ಲಿ ನಮ್ಮದೊಂದು ಪುಟ್ಟ ಸಂಸಾರವಿದೆ. ಅದನ್ನು ಬಿಟ್ಟುಬರುವ ಮಾತಿಲ್ಲ, ಆ ಆಸೆಯಿಂದ ಇದನ್ನು ಬರೆಯುತ್ತಲೂ ಇಲ್ಲ. ನನ್ನನ್ನು ವಿಧವೆ ಮಾಡಬಾರದೆಂದು ನೀನು ದೂರ ಸರಿದೆ. ನಿನ್ನ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ನನ್ನ ಬದುಕಿನ ತೀರ್ಮಾನವನ್ನೂ ನೀನೊಬ್ಬನೇ ತೆಗೆದುಕೊಂಡೆಯಲ್ಲ, ಅದನ್ನು ಹೇಗೆ ಮರೆಯಲಿ? ನಿನ್ನನ್ನು ಆಪರೇಷನ್ನಿಗೆ ಒಳಗೆ ಕರೆದೊಯ್ದ ಮೇಲೆ ಹೊರಗಿನ ಬೆಂಚಿನಲ್ಲಿ ಸಂಧ್ಯಾ ಒಬ್ಬಳೇ ಕೂತಿದ್ದಳಂತೆ. ಅವಳ ಪಕ್ಕದ ಜಾಗ ನನ್ನದಾಗಿತ್ತು ಭರತೇಶ್. ಗೆಡ್ಡೆ ಕ್ಯಾನ್ಸರೇ ಆಗಿದ್ದರೂ ಆ ಜಾಗ ನನ್ನದೇ.

ಮುಂದೆ ಯಾರ ಕೈಯನ್ನಾದರೂ ಹಿಡಿದರೆ, ಹೆದರಿಕೆಯಾದ ದಿನ ಮೊದಲು ಅವಳಿಗೇ ಹೇಳು. ಹೋಗಬೇಕೋ ಇರಬೇಕೋ ಅವಳು ನೋಡಿಕೊಳ್ಳಲಿ. ನೀನು ಆರೋಗ್ಯವಾಗಿ ನೂರು ಕಾಲ ಬಾಳು.

ಒಮ್ಮೆ ನಿನ್ನವಳಾಗಿದ್ದ,
ವಿಂಧ್ಯಾ