ಚರ್ಚಿನ ಮಡಕೆಯ ಬಾರ್ಲಿ

೧೯೫೧ ಫೆಬ್ರವರಿ ೨೦, ಮಂಗಳವಾರ. ಬೂಸಾನ್

ಆ ಬಾರ್ಲಿಯದೇ ಚಿಂತೆ. ಪ್ರತಿ ಸಲ ಅಡಿಗೆಗೆ ಮುಂಚೆ ಒಂದು ಚಮಚ ಅಕ್ಕಿಯನ್ನು ಕರ್ತನಿಗೆಂದು ತೆಗೆದಿಡುವುದು ಅಮ್ಮ ಕಲಿಸಿದ್ದು. ಯುದ್ಧಕ್ಕೆ ಹೆದರಿ ಇಲ್ಲಿಗೆ ಓಡಿಬಂದ ಮೇಲೆ ಅಕ್ಕಿಯೇ ಕಂಡಿಲ್ಲ. ಆದರೂ ಬಿಡಲಾಗದೆ ಬಾರ್ಲಿಯನ್ನೇ ತೆಗೆದಿಟ್ಟೆ. ಭಾನುವಾರ ನಸುಕಿನಲ್ಲೇ ಹೋಗಿ, ಇಲ್ಲದವರಿಗೆಂದು ಎಲ್ಲರೂ ಅಕ್ಕಿ ಹಾಕುವ ಚರ್ಚಿನ ಮಡಕೆಗೆ ಸುರಿದು, ನಾಚಿಕೆಯಿಂದ ಯಾರಿಗೂ ಕಾಣದಂತೆ ಕೈಯಾಡಿಸಿ ಅಕ್ಕಿಯೊಳಗೆ ಮುಚ್ಚಿ ಬಂದೆ.

ಊರಲ್ಲೇ ಉಳಿದ ನಮ್ಮವರು ಇದ್ದಾರೋ ಇಲ್ಲವೋ. ಈ ಹಲಗೆಯ ಗುಡಿಸಲಲ್ಲಿ ನನ್ನನ್ನು ಮಾತಾಡಿಸುವವರಿಲ್ಲ. ದೇವರೂ ಆ ಕಡೆಯೇ ಉಳಿದುಬಿಟ್ಟನೇನೋ ಎಂದುಕೊಂಡಿದ್ದೆ.

ಸಂಜೆ ಚರ್ಚಿನ ಒಕ್‌ಬುನ್ ಅಕ್ಕ ಬಂದು ಒಂದು ಚೀಲ ಮುಂದಿಟ್ಟರು.

"ತಗೊಳ್ಳೇ, ಮಡಕೇದು. ಈ ವಾರ ನಿನಗೆ."

"ನನಗ್ಯಾಕಕ್ಕಾ? ಇಲ್ಲದೋರಿಗೆ ಕೊಡಿ."

"ಸಾಕು ಬಿಡೇ ನಿನ್ನ ಬಿಂಕ! ಕೆನ್ನೆ ನೋಡ್ಕೊಂಡಿದೀಯಾ, ಎಷ್ಟು ಒಳಗೆ ಹೋಗಿದೆ?"

ಅವರು ಹೋದ ಮೇಲೆ ಚೀಲ ಬಿಚ್ಚಿದೆ. ನಾನು ಹಾಕಿದ್ದು ಒಂದೇ ಬೊಗಸೆ. ಚೀಲದಲ್ಲಿ ಅಕ್ಕಿಗಿಂತ ಬಾರ್ಲಿಯೇ ಹೆಚ್ಚಿತ್ತು, ನವಣೆಯೂ ಇತ್ತು. ನನ್ನ ಹಾಗೆ ಎಷ್ಟು ಜನ ಕತ್ತಲಲ್ಲಿ ಬಂದು ಕೈಯಾಡಿಸಿ ಹೋದರೋ!

ನಗು ಬಂತು, ಆಮೇಲೆ ಅಳು. ಅದರಿಂದಲೇ ಒಂದು ಚಮಚ ಪಕ್ಕಕ್ಕೆ ತೆಗೆದಿಟ್ಟಿದ್ದೇನೆ. ಈ ಸಲ ಮುಚ್ಚುವುದಿಲ್ಲ. ಮೇಲೆಯೇ ಇರಲಿ, ನೋಡಿದವರಿಗೆ ತಾವೊಬ್ಬರೇ ಅಲ್ಲವೆಂದು ತಿಳಿಯಲಿ.